ಎರಡು ಬಿಳಿಗಳ ನಡುವೆ

ಬಣ್ಣದಂಗಡಿಯ ಕೌಂಟರಿನ ಮೇಲೆ ಶೇಡ್ ಕಾರ್ಡ್ ಬಿಚ್ಚಿದರೆ ಅಂಚೆಚೀಟಿಯ ಗಾತ್ರದ ಬಿಳಿ ಚೌಕಗಳು ಸಾಲುಸಾಲಾಗಿ ಕಾಣುತ್ತವೆ. ಒಂದರಲ್ಲಿ ಕೆನೆಯ ಛಾಯೆ, ಪಕ್ಕದ್ದರಲ್ಲಿ ಬೂದಿಯ ಛಾಯೆ, ಅದರಾಚೆಯದ್ದರಲ್ಲಿ ಏನಿದೆ ಎಂದು ಹೇಳಲು ಕಿಟಕಿಯ ಹತ್ತಿರ ಹೋಗಬೇಕು. ಗಂಡ ಒಂದು ಚೌಕದ ಮೇಲೆ ಬೆರಳಿಟ್ಟರೆ ಹೆಂಡತಿಯ ಬೆರಳು ಪಕ್ಕದ ಚೌಕದ ಮೇಲಿರುತ್ತದೆ. ಜೊತೆಗೆ ಬಂದ ಅತ್ತೆ ಕನ್ನಡಕ ಏರಿಸಿ ನೋಡಿ, ಎರಡೂ ಒಂದೇ ಅಲ್ಲವೇನ್ರೋ ಎನ್ನುತ್ತಾರೆ. ಅಂಗಡಿಯವನು ಇಂಥ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿರುತ್ತಾನೆ. ಮನೆಗೆ ಒಯ್ದು ನೋಡಿ ಎಂದು ಕಾರ್ಡನ್ನು ಕೊಟ್ಟು ಕಳಿಸುತ್ತಾನೆ. ಆಮೇಲೆ ಎರಡು ವಾರ ಆ ಕಾರ್ಡು ಫ್ಲ್ಯಾಟಿನ ಗೋಡೆಯಿಂದ ಗೋಡೆಗೆ ತಿರುಗುತ್ತದೆ.

ಈ ಚರ್ಚೆ ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ಆದರೆ ಎರಡು ಬಿಳಿಗಳಲ್ಲಿ ಯಾವುದನ್ನು ಗೋಡೆಗೆ ಬಳಿಯಬೇಕು ಎಂಬ ಪ್ರಶ್ನೆ ಒಂದು ಕಾಲದಲ್ಲಿ ಸಂಸತ್ತುಗಳ ಮುಂದೆ ಬಂದಿತ್ತು. ಅದರ ಮೇಲೆ ಜಿನೀವಾದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವೇ ಆಯಿತು. ಆಗ ಆರಿಸಬೇಕಾಗಿದ್ದ ಆ ಎರಡು ಬಿಳಿಗಳು ನೋಡುವವರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಬಳಿಯುವವನ ಮೈಗೆ ಮಾತ್ರ ಒಂದು ವಿಷ, ಇನ್ನೊಂದು ಅಲ್ಲ. ಹೀಗಿದ್ದೂ ವಿಷದ ಬಿಳಿಯನ್ನು ಕೈಬಿಡಲು ಜಗತ್ತಿಗೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಇವತ್ತಿನ ಶೇಡ್ ಕಾರ್ಡಿನಲ್ಲಿ ಅಷ್ಟೊಂದು ಬಿಳಿಗಳು ತುಂಬಿರುವುದಕ್ಕೂ ಆ ಚರಿತ್ರೆಗೂ ನೇರ ಸಂಬಂಧವಿದೆ.

ಸುಣ್ಣದ ಬಿಳಿ

ಬಹುಪಾಲು ಮನೆಗಳಿಗೆ ಬಹುಪಾಲು ಕಾಲ ಇದ್ದದ್ದು ಒಂದೇ ಬಿಳಿ: ಸುಣ್ಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡುತ್ತಿದ್ದರು. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪನ್ನು ಸುಡುವುದಿತ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕುದಿದು, ಹಬೆಯೆದ್ದು, ಅರಳಿ ಹಿಟ್ಟಾಗುತ್ತದೆ. ಅದನ್ನು ನೀರಿನಲ್ಲಿ ಕದಡಿ, ಸೋಸಿ, ನಾರಿನ ಕುಂಚದಲ್ಲಿ ಬಳಿದರೆ ಮೊದಲಿಗೆ ಗೋಡೆ ಒದ್ದೆ ಬಟ್ಟೆಯ ಹಾಗೆ ಮಂಕಾಗಿರುತ್ತದೆ. ಒಣಗುತ್ತ ಹೋದ ಹಾಗೆ ಬೆಳ್ಳಗಾಗುತ್ತದೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅಂದರೆ ಸುಣ್ಣ ಬಳಿದ ಗೋಡೆಯ ಮೇಲಿರುವುದು ಸುಣ್ಣದ ಕಲ್ಲಿನದೇ ಒಂದು ತೆಳು ಪದರ.

ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುವಾಗ ಯಾವ ಬಿಳಿ ಎಂದು ಯಾರೂ ಕೇಳುತ್ತಿರಲಿಲ್ಲ. ಎಷ್ಟು ಕೈ ಬಳಿಯಬೇಕು, ನೀಲಿ ಎಷ್ಟು ಹಾಕಬೇಕು ಎಂಬುದಷ್ಟೇ ಮಾತು. ಬಟ್ಟೆಗೆ ಹಾಕುವ ನೀಲಿಯನ್ನೇ ಒಂದು ಚಿಟಿಕೆ ಕದಡಿದರೆ ಸುಣ್ಣದ ಹಳದಿ ಛಾಯೆ ಅಡಗಿ ಗೋಡೆ ಇನ್ನೂ ಬೆಳ್ಳಗೆ ಕಾಣುತ್ತದೆ. ಹೆಚ್ಚಾದರೆ ಗೋಡೆಯೇ ನೀಲಿಯಾಗುತ್ತದೆ. ಆ ಅಳತೆ ಬಳಿಯುವವರ ಕೈಗೆ ಗೊತ್ತಿತ್ತು. ಮಲೆನಾಡಿನ ಹಸೆ ಚಿತ್ತಾರದಲ್ಲಿ ಬಿಳಿಗೆ ಅಕ್ಕಿ ಹಿಟ್ಟು, ಅದರ ಹಿಂದಿನ ಗೋಡೆಗೆ ಕೆಮ್ಮಣ್ಣು. ಬಣ್ಣವೆಂದರೆ ಕೈಗೆ ಸಿಗುವ ಒಂದು ಪದಾರ್ಥವಾಗಿತ್ತು.

ಸುಣ್ಣಕ್ಕೆ ಇನ್ನೊಂದು ಗುಣವೂ ಇತ್ತು. ಅದರ ಕ್ಷಾರಕ್ಕೆ ಕ್ರಿಮಿಗಳು ಉಳಿಯುವುದಿಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಸರ್ಕಾರ ಚಾಳುಗಳ ಕೋಣೆಕೋಣೆಗೂ ಸುಣ್ಣ ಬಳಿಸಿತು. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಬಿಳಿ ಗೋಡೆಯೆಂದರೆ ಚೊಕ್ಕಟದ ಗೋಡೆ ಎಂಬ ಭಾವನೆಯ ಹಿಂದೆ ಹಬ್ಬದ ನೆನಪಿನ ಜೊತೆಗೆ ಇಂಥ ಭಯದ ನೆನಪೂ ಇದೆ.

ಕನ್ನಡದಲ್ಲಿ ಬಿಳಿ ಎಂಬ ಮಾತಿನ ಸಂಸಾರ ದೊಡ್ಡದು. ಬೆಳ್ ಎಂಬ ಹಳೆಯ ಮೂಲದಿಂದ ಬೆಳ್ಳಿ ಬಂದಿದೆ, ಬೆಳ್ಳುಳ್ಳಿ ಬಂದಿದೆ. ಬೆಣ್ಣೆಯೂ ಇದೇ ಮನೆಯದು: ಬೆಳ್ ಮತ್ತು ನೆಯ್, ಬಿಳಿಯ ತುಪ್ಪ. ಬೆಳಗೊಳವೆಂದರೆ ಬಿಳಿಯ ಕೊಳ. ಬೆಳಕು, ಬೆಳಗು, ಬೆಳದಿಂಗಳುಗಳೂ ಈ ಸಂಸಾರದಲ್ಲೇ ಇವೆ. ಬಿಳಿಗೂ ಬೆಳಕಿಗೂ ಬೇರೆ ಬೇರು ಬೇಕೆಂದು ಹಿಂದಿನವರಿಗೆ ಅನ್ನಿಸಲಿಲ್ಲ. ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ. ಕಲ್ಲುಸಕ್ಕರೆಯ ಹರಳು ಪಾರದರ್ಶಕ, ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬಿಳಿ. ಸಕ್ಕರೆ ಬದಲಾಗಿಲ್ಲ. ಪುಡಿಯ ಸಾವಿರಾರು ಅಂಚುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ, ಹಾಗೆ ಚದುರಿದ ಬೆಳಕನ್ನು ಕಣ್ಣು ಬಿಳಿಯೆಂದು ಓದುತ್ತದೆ. ಒದ್ದೆ ಸುಣ್ಣ ಮಂಕಾಗಿ ಕಾಣುವುದಕ್ಕೂ ಇದೇ ಕಾರಣ. ಕಣಗಳ ನಡುವೆ ನೀರಿದ್ದರೆ ಬೆಳಕು ಹೆಚ್ಚು ತಿರುಗದೆ ಹಾದುಹೋಗುತ್ತದೆ. ನೀರು ಆರಿ ಗಾಳಿ ತುಂಬಿದರೆ ಚದುರುತ್ತದೆ.

ಸೀಸದ ಬಿಳಿ

ಸುಣ್ಣಕ್ಕೆ ಒಂದು ಮಿತಿಯಿದೆ. ನೀರಿನಲ್ಲಿ ಕದಡಿ ಗೋಡೆಗೆ ಬಳಿಯಬಹುದು, ಆದರೆ ಎಣ್ಣೆಯಲ್ಲಿ ಕಲಸಿದರೆ ಅದು ಮಂಕಾಗುತ್ತದೆ. ಬಾಗಿಲು, ಕಿಟಕಿ, ಮರದ ಹಲಗೆಯ ಗೋಡೆಗಳಿಗೆ ಬೇಕಾದ ಎಣ್ಣೆ ಬಣ್ಣಕ್ಕೆ ಯುರೋಪಿನವರು ಶತಮಾನಗಳ ಕಾಲ ನೆಚ್ಚಿಕೊಂಡಿದ್ದು ಸೀಸದ ಬಿಳಿಯನ್ನು. ಕ್ರಿಸ್ತಪೂರ್ವದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಅದನ್ನು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಮುಂದೆ ಡಚ್ಚರು ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದರು. ಮಣ್ಣಿನ ಕುಡಿಕೆಯ ತಳದಲ್ಲಿ ವಿನೆಗರ್, ಅದರ ಮೇಲೆ ಸೀಸದ ಹಾಳೆ. ಇಂಥ ನೂರಾರು ಕುಡಿಕೆಗಳನ್ನು ಕುದುರೆ ಲದ್ದಿಯಲ್ಲಿ ಹೂಳಿ, ಹಲಗೆ ಮುಚ್ಚಿ, ಅದರ ಮೇಲೆ ಮತ್ತೊಂದು ಸಾಲು ಜೋಡಿಸಿ, ಕೋಣೆ ತುಂಬಿಸಿ ಬಾಗಿಲು ಹಾಕುತ್ತಿದ್ದರು. ಲದ್ದಿ ಕೊಳೆತು ಶಾಖವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಕೆಲವು ವಾರ ಬಿಟ್ಟು ಬಾಗಿಲು ತೆಗೆದರೆ ಸೀಸ ಬಿಳಿಯ ಹೊಪ್ಪಳೆಯಾಗಿರುತ್ತಿತ್ತು. ಅದನ್ನು ಕೆರೆದು, ಅರೆದು, ಒಣಗಿಸಿ, ಅಗಸೆ ಎಣ್ಣೆಯಲ್ಲಿ ಕಲಸಿದರೆ ಬಣ್ಣ ಸಿದ್ಧ.

ಬಣ್ಣ ಬಳಿಯುವವರಿಗೆ ಅದು ಇಷ್ಟವಾಗಲು ಕಾರಣಗಳಿದ್ದವು. ಕುಂಚದಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಕೆಳಗಿನ ಮರವನ್ನು ಚೆನ್ನಾಗಿ ಮುಚ್ಚುತ್ತಿತ್ತು. ಸೀಸವು ಅಗಸೆ ಎಣ್ಣೆಯೊಂದಿಗೆ ಸೇರಿ ಗಟ್ಟಿಯಾದರೂ ಬಾಗುವ ಪದರವಾಗುವುದರಿಂದ ಮಳೆ ಬಿಸಿಲಿಗೆ ಬಿರುಕು ಬಿಡುತ್ತಿರಲಿಲ್ಲ. ಆ ಬಿಳಿಯಲ್ಲಿ ಸ್ವಲ್ಪ ಬೆಚ್ಚನೆಯ ಛಾಯೆಯೂ ಇತ್ತು.

ಅದನ್ನು ಮಾಡುವವರ ಕಥೆ ಬೇರೆ. ಇಂಗ್ಲೆಂಡಿನ ಸೀಸದ ಬಿಳಿಯ ಕಾರ್ಖಾನೆಗಳಲ್ಲಿ ಹೊರುವ, ಕೆರೆಯುವ ಕೆಲಸವನ್ನು ಬಡ ಹೆಂಗಸರು ಮಾಡುತ್ತಿದ್ದರು. ಬೇರೆ ಕೆಲಸ ಸಿಗದವರು ಅಲ್ಲಿಗೆ ಬರುತ್ತಿದ್ದರು. ಚಾರ್ಲ್ಸ್ ಡಿಕನ್ಸ್ 1868ರಲ್ಲಿ ಲಂಡನ್ನಿನ ಪೂರ್ವ ಭಾಗದ ಬಡವರ ಮನೆಗಳಿಗೆ ಹೋಗಿ ಬರೆದ ಲೇಖನದಲ್ಲಿ ಈ ಹೆಂಗಸರು ಬರುತ್ತಾರೆ. ಸೀಸದ ವಿಷ ಕೆಲವರಿಗೆ ಬೇಗ ಏರುತ್ತದೆ, ಕೆಲವರಿಗೆ ತಡವಾಗಿ ಏರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿದ್ದರು, ಏಕೆಂದರೆ ಮನೆಯಲ್ಲಿ ಮಕ್ಕಳು ಹಸಿದಿದ್ದರು.

ಬಳಿಯುವವರ ಕಾಯಿಲೆಗೆ ವೈದ್ಯರು ಅವರ ಕಸುಬಿನ ಹೆಸರನ್ನೇ ಇಟ್ಟಿದ್ದರು: ಪೇಂಟರನ ಹೊಟ್ಟೆಶೂಲೆ. ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬಣ್ಣದವರೂ ಇದ್ದಾರೆ. 1839ರಲ್ಲಿ ಪ್ಯಾರಿಸ್ಸಿನ ವೈದ್ಯ ತಾಂಕರೆಲ್ ದೆ ಪ್ಲಾಂಶ್ ಸೀಸದ ವಿಷವೇರಿದ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ ಎರಡು ಸಂಪುಟಗಳ ಗ್ರಂಥ ಬರೆದ. ಕರುಳು ಹಿಂಡುವ ನೋವು, ಮಲಬದ್ಧತೆ, ಒಸಡಿನ ಮೇಲೆ ನೀಲಿ ಗೆರೆ ಕಾಣಿಸಿಕೊಳ್ಳುತ್ತಿದ್ದವು. ವಿಷ ಹೆಚ್ಚಾದಾಗ ಮುಂಗೈ ಜೋತುಬೀಳುತ್ತಿತ್ತು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಸೋಲುತ್ತಿದ್ದವು. ಕುಂಚ ಹಿಡಿಯುವ ಕೈಯೇ ಮೊದಲು ಹೋಗುತ್ತಿತ್ತು.

ಸತುವಿನ ಬಿಳಿ

ಇದಕ್ಕೆ ಬದಲಿ ಸಿಕ್ಕಿತ್ತು. 1780ರ ದಶಕದಲ್ಲಿ ಫ್ರಾನ್ಸಿನ ದಿಜಾನ್ ನಗರದ ರಸಾಯನಶಾಸ್ತ್ರಜ್ಞ ಗಿಟಾನ್ ದ ಮೊರ್ವೊ ಸೀಸದ ಬದಲು ಸತುವಿನ ಆಕ್ಸೈಡನ್ನು ಬಳಸಬಹುದೆಂದು ತೋರಿಸಿದ. ಸತುವನ್ನು ಕಾಸಿ ಆವಿ ಮಾಡಿ, ಆ ಆವಿ ಗಾಳಿಯಲ್ಲಿ ಉರಿದಾಗ ಬೀಳುವ ಬಿಳಿ ಪುಡಿ ಅದು. ಬಳಿಯುವವನಿಗೆ ಅದು ಸೀಸದ ಹಾಗೆ ವಿಷವಲ್ಲ. ಇನ್ನೊಂದು ಅನುಕೂಲವೂ ಇತ್ತು. ಕಲ್ಲಿದ್ದಲು ಉರಿಯುವ ಊರಿನ ಗಾಳಿಯಲ್ಲಿ ಗಂಧಕದ ಅಂಶ ಹೆಚ್ಚು. ಅದು ತಾಗಿದರೆ ಸೀಸದ ಬಿಳಿ ಕಪ್ಪಾಗುತ್ತದೆ, ಸತು ಬಿಳಿಯಾಗೇ ಉಳಿಯುತ್ತದೆ. ಎರಡನ್ನೂ ಪಕ್ಕಪಕ್ಕ ಬಳಿದರೆ ಸತುವಿನದು ಚೂರು ತಣ್ಣನೆಯ ಬಿಳಿ. ಒಂಟಿಯಾಗಿ ನೋಡಿದರೆ ಯಾವುದು ಯಾವುದೆಂದು ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ.

ಆದರೂ ಸತುವನ್ನು ಯಾರೂ ಕೊಳ್ಳಲಿಲ್ಲ. ಅದರ ಬೆಲೆ ಹೆಚ್ಚು. ಸೀಸ ಎರಡು ಕೈಯಲ್ಲಿ ಮುಚ್ಚುವುದನ್ನು ಮುಚ್ಚಲು ಸತುವಿಗೆ ಇನ್ನೂ ಒಂದು ಕೈ ಬೇಕಿತ್ತು. ಅದರ ಪದರ ಪೆಡಸು, ಹೊರಗೋಡೆಯ ಮೇಲೆ ಬಿರುಕು ಬಿಡುತ್ತಿತ್ತು. ಹಣ ಕೊಡುವವನು ಮನೆಯ ಯಜಮಾನ, ವಿಷ ಏರುತ್ತಿದ್ದದ್ದು ಪೇಂಟರನಿಗೆ. ಯಜಮಾನ ಲೆಕ್ಕ ಹಾಕುವಾಗ ಪೇಂಟರನ ಮುಂಗೈ ಅದರಲ್ಲಿ ಸೇರುತ್ತಿರಲಿಲ್ಲ.

ಅದನ್ನು ಲೆಕ್ಕಕ್ಕೆ ಸೇರಿಸಿದವನು ಒಬ್ಬ ಪೇಂಟಿಂಗ್ ಕಂಟ್ರಾಕ್ಟರ್. ಎಡ್ಮ್ ಝಾನ್ ಲಕ್ಲೇರ್ 1801ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯ ಬಡ ಚಮ್ಮಾರನ ಮನೆಯಲ್ಲಿ ಹುಟ್ಟಿದ. ಹದಿನೇಳರ ವಯಸ್ಸಿಗೆ ಪ್ಯಾರಿಸ್ಸಿಗೆ ಬಂದು ಬಣ್ಣದ ಕೆಲಸ ಕಲಿತ, ಮುಂದೆ ಸ್ವಂತ ಸಂಸ್ಥೆ ಕಟ್ಟಿದ. ತನ್ನ ಕೈಕೆಳಗಿನವರು ಸೀಸಕ್ಕೆ ಬಲಿಯಾಗುವುದನ್ನು ನೋಡಿದ್ದ ಆತ 1840ರ ದಶಕದಲ್ಲಿ ಸತುವಿನ ಬಿಳಿಯನ್ನು ಅಗ್ಗವಾಗಿ ತಯಾರಿಸುವ, ಬೇಗ ಒಣಗುವಂತೆ ಮಾಡುವ ದಾರಿಗಳನ್ನು ಹುಡುಕಿ, ತನ್ನ ಕೆಲಸಗಳಲ್ಲಿ ಅದನ್ನೇ ಬಳಸತೊಡಗಿದ. 1842ರಿಂದ ಸಂಸ್ಥೆಯ ಲಾಭದಲ್ಲಿ ಕೆಲಸಗಾರರಿಗೆ ಪಾಲು ಕೊಡಲು ಆರಂಭಿಸಿದ. ಅರ್ಥಶಾಸ್ತ್ರದ ಪುಸ್ತಕಗಳು ಅವನನ್ನು ನೆನೆಯುವುದು ಲಾಭ ಹಂಚಿಕೆಗಾಗಿ. ಸತುವಿನ ಬಿಳಿಗೂ ಲಾಭದ ಪಾಲಿಗೂ ಹಿಂದಿದ್ದ ಯೋಚನೆ ಒಂದೇ: ಗೋಡೆಯ ಬೆಲೆಯಲ್ಲಿ ಬಳಿದವನ ಜೀವದ ಬೆಲೆಯೂ ಸೇರಿರಬೇಕು.

ಒಬ್ಬ ಕಂಟ್ರಾಕ್ಟರ್ ಬದಲಾದರೆ ಊರು ಬದಲಾಗುವುದಿಲ್ಲ. ಫ್ರಾನ್ಸಿನ ಪೇಂಟರುಗಳ ಸಂಘಗಳು ದಶಕಗಳ ಕಾಲ ಹೋರಾಡಿದ ಮೇಲೆ 1909ರಲ್ಲಿ ಕಟ್ಟಡಗಳಿಗೆ ಸೀಸದ ಬಿಳಿ ಬಳಿಯುವುದನ್ನು ನಿಷೇಧಿಸುವ ಕಾನೂನು ಅಲ್ಲಿ ಬಂತು. ಅದು ಜಾರಿಗೆ ಬರಲು ಇನ್ನೂ ಕೆಲವು ವರ್ಷಗಳ ಗಡುವು ಇತ್ತು. 1921ರ ಕೊನೆಯಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನ ಜಿನೀವಾದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಭಾರತ 1919ರಿಂದಲೇ ಆ ಸಂಸ್ಥೆಯ ಸದಸ್ಯ. ಸಮ್ಮೇಳನ ಒಪ್ಪಿದ 13ನೇ ಒಡಂಬಡಿಕೆ ರಾಜಿಯದ್ದು. ಕಟ್ಟಡಗಳ ಒಳಗೋಡೆಗೆ ಸೀಸದ ಬಿಳಿ ಬೇಡ, ಹೊರಗೋಡೆಗೆ ಆಗಬಹುದು. ರೈಲು ನಿಲ್ದಾಣ, ಕಾರ್ಖಾನೆಗಳಿಗೆ ವಿನಾಯಿತಿ ಕೊಡಬಹುದು. ನಿಷೇಧ ಜಾರಿಗೆ ಆರು ವರ್ಷ ಸಮಯ. ಹದಿನೆಂಟರ ಒಳಗಿನ ಹುಡುಗರನ್ನೂ ಎಲ್ಲ ಹೆಂಗಸರನ್ನೂ ಸೀಸ ಬಳಸುವ ಕೈಗಾರಿಕಾ ಸ್ವರೂಪದ ಬಣ್ಣದ ಕೆಲಸಕ್ಕೆ ಹಚ್ಚುವಂತಿಲ್ಲ. ಆ ಒಡಂಬಡಿಕೆಯಲ್ಲಿ ಇನ್ನೊಂದು ಮಾತೂ ಇತ್ತು: ಒಣಗಿದ ಬಣ್ಣವನ್ನು ಉಜ್ಜುವಾಗ, ಕೆರೆಯುವಾಗ ಏಳುವ ಧೂಳಿನಿಂದ ಅಪಾಯವಾಗದಂತೆ ಸಾಧ್ಯವಿದ್ದಷ್ಟೂ ನೋಡಿಕೊಳ್ಳಬೇಕು. ಹಸಿ ಬಣ್ಣಕ್ಕಿಂತ ಧೂಳು ಕೆಟ್ಟದ್ದೆಂದು 1921ರಲ್ಲೇ ಗೊತ್ತಿತ್ತು.

ಬ್ರಿಟನ್ 1926ರಲ್ಲಿ ನಿಷೇಧದ ಬದಲು ನಿಯಂತ್ರಣದ ಕಾನೂನು ಮಾಡಿಕೊಂಡಿತು. ಅಮೆರಿಕದಲ್ಲಿ ಸೀಸದ ಬಣ್ಣದ ಜಾಹೀರಾತುಗಳಲ್ಲಿ ಮಕ್ಕಳ ಚಿತ್ರಗಳೇ ಇದ್ದವು. ಅಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ.

ಕಪ್ಪು ಮರಳಿನ ಬಿಳಿ

ಸೀಸವನ್ನೂ ಸತುವನ್ನೂ ಹಿಂದೆ ಹಾಕಿದ ಮೂರನೆಯ ಬಿಳಿ ಬಂದದ್ದು ಕಪ್ಪು ಮರಳಿನಿಂದ. ಇಂಗ್ಲೆಂಡಿನ ಕಾರ್ನ್‌ವಾಲಿನ ಪಾದ್ರಿ ವಿಲಿಯಂ ಗ್ರೆಗರ್ 1791ರಲ್ಲಿ ಹೊಳೆಯ ಕಪ್ಪು ಮರಳನ್ನು ಪರೀಕ್ಷಿಸುವಾಗ ಹೊಸದೊಂದು ಲೋಹದ ಸುಳಿವು ಸಿಕ್ಕಿತ್ತು. ಅದೇ ಟೈಟಾನಿಯಂ. ಅದರ ಡೈಆಕ್ಸೈಡ್ ಅತ್ಯಂತ ಬೆಳ್ಳಗಿರುತ್ತದೆ ಎಂದು ಗೊತ್ತಿದ್ದರೂ ಮರಳಿನ ಕಬ್ಬಿಣದಿಂದ ಅದನ್ನು ಬಿಡಿಸುವುದು ಕಷ್ಟವಾಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ನಾರ್ವೆ ಮತ್ತು ಅಮೆರಿಕದಲ್ಲಿ ಆ ದಾರಿ ಸಿಕ್ಕಿ, ಕಾರ್ಖಾನೆಗಳು ಎದ್ದವು.

ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಟೈಟಾನಿಯಂಗೆ ಸಮನಾದ ಬಿಳಿ ಪುಡಿ ಬಣ್ಣದ ಅಂಗಡಿಯಲ್ಲಿ ಇಲ್ಲ. ವಕ್ರೀಭವನ ಸೂಚ್ಯಂಕ ಎಂಬ ಅಳತೆಯಲ್ಲಿ ಅಗಸೆ ಎಣ್ಣೆ ಸುಮಾರು 1.5, ಒಣಗಿದ ಸುಣ್ಣ ಸುಮಾರು 1.6, ಸೀಸದ ಬಿಳಿ ಮತ್ತು ಸತುವಿನ ಬಿಳಿ ಎರಡೂ ಸುಮಾರು 2. ಟೈಟಾನಿಯಂ ಬಿಳಿ 2.5ರಿಂದ 2.7. ಎಣ್ಣೆಗೂ ಪುಡಿಗೂ ಈ ಅಂತರ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಚದುರುತ್ತದೆ, ಕೆಳಗಿನದು ಹೆಚ್ಚು ಮುಚ್ಚುತ್ತದೆ. ಎಣ್ಣೆಯಲ್ಲಿ ಸುಣ್ಣ ಮಂಕಾಗುವುದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಈ ಮರಳಿಗೆ ಜಗತ್ತು ಬಂದದ್ದು ಭಾರತದ ತೀರಕ್ಕೆ. ಆಗಿನ ತಿರುವಾಂಕೂರು ಸಂಸ್ಥಾನದ ಚವರ, ಮಣವಾಳಕುರಿಚಿಗಳ ಕಡಲ ದಂಡೆಯಲ್ಲಿ ಇಲ್ಮನೈಟ್ ಎಂಬ ಕಪ್ಪು ಖನಿಜ ಅಲೆಯ ಜೊತೆ ಬಂದು ರಾಶಿ ಬೀಳುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಜಗತ್ತಿನ ಇಲ್ಮನೈಟಿನ ಬಹುದೊಡ್ಡ ಪಾಲು ಆ ಕರಾವಳಿಯಿಂದ ಹಡಗೇರುತ್ತಿತ್ತು. ಅಮೆರಿಕದ ಅಡುಗೆಮನೆಯ ಬಿಳಿ ಗೋಡೆಯಲ್ಲಿ ಕೇರಳದ ಮರಳು ಇದ್ದಿರಬಹುದು, ಆದರೆ ಆ ಮರಳನ್ನು ಬಾಚಿದವರ ಮನೆಗಳಿಗೆ ಆಗಲೂ ಸುಣ್ಣವೇ.

ಭಾರತದ ಮನೆಗಳಿಗೆ ಡಬ್ಬಿಯ ಬಣ್ಣ ನಿಧಾನವಾಗಿ ಬಂತು. ಹೌರಾದಲ್ಲಿ 1902ರಲ್ಲೇ ಬಣ್ಣದ ಕಾರ್ಖಾನೆ ಇತ್ತು. ಮೈಸೂರು ಸಂಸ್ಥಾನ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ತೆರೆಯಿತು. ಚುನಾವಣೆಯ ದಿನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಈಗ ಹೆಸರಾಗಿರುವುದು ಅದೇ ಕಾರ್ಖಾನೆ. 1942ರಲ್ಲಿ ಮುಂಬೈಯಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್ ಕಂಪನಿಗೆ 1954ರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದುಕೊಟ್ಟ ಹುಡುಗ ಗಟ್ಟು, ಕೈಯಲ್ಲಿ ಬಣ್ಣದ ಡಬ್ಬಿ, ಕುಂಚ ಹಿಡಿದು ಗೋಡೆಗೋಡೆಗಳ ಮೇಲೆ ಕಾಣಿಸಿಕೊಂಡ. ಆಗಲೂ ಹೆಚ್ಚಿನ ಮನೆಗಳಲ್ಲಿ ಎಣ್ಣೆ ಬಣ್ಣ ಬಾಗಿಲು ಕಿಟಕಿಗಷ್ಟೇ. ಗೋಡೆಗೆ ಸುಣ್ಣ, ಅನುಕೂಲವಿದ್ದವರಿಗೆ ಡಿಸ್ಟೆಂಪರ್.

1990ರ ದಶಕದಿಂದ ಅಂಗಡಿಗಳಿಗೆ ಬಣ್ಣ ಬೆರೆಸುವ ಯಂತ್ರ ಬಂತು. ಕಂಪನಿ ಕಳಿಸುವುದು ಟೈಟಾನಿಯಂ ತುಂಬಿದ ಬಿಳಿ ಬೇಸ್. ಯಂತ್ರ ಅದಕ್ಕೆ ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡುಗಳ ಹನಿಗಳನ್ನು ಅಳೆದು ಬಿಡುತ್ತದೆ. ಒಂದು ಬಿಳಿಗೂ ಅದರ ಪಕ್ಕದ ಬಿಳಿಗೂ ಇರುವ ವ್ಯತ್ಯಾಸ ಒಂದು ಲೀಟರಿನಲ್ಲಿ ಕೆಲವು ಹನಿ. ಎರಡರ ಪದಾರ್ಥ ಒಂದೇ, ಬಾಳಿಕೆ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಶೇಡ್ ಕಾರ್ಡಿನ ಮುಂದೆ ನಿಂತವರಿಗೆ ಆರಿಸಲು ಉಳಿದಿರುವುದು ಛಾಯೆಯೊಂದೇ.

ಹೆಸರು, ಸಂಖ್ಯೆ, ಬೆಳಕು

ಛಾಯೆಯನ್ನು ಮಾತಿನಲ್ಲಿ ಹಿಡಿಯುವ ಪ್ರಯತ್ನ ಹಳೆಯದು. ಜರ್ಮನಿಯ ಗಣಿಶಾಸ್ತ್ರಜ್ಞ ವರ್ನರ್ 1774ರಲ್ಲಿ ಖನಿಜಗಳನ್ನು ಗುರುತಿಸಲು ಬಣ್ಣಗಳ ಪಟ್ಟಿ ಮಾಡಿದ. ಎಡಿನ್‌ಬರೋದ ಹೂವಿನ ಚಿತ್ರಕಾರ ಪ್ಯಾಟ್ರಿಕ್ ಸೈಮ್ ಅದನ್ನು ಬೆಳೆಸಿ 1814ರಲ್ಲಿ ಪುಸ್ತಕವಾಗಿ ತಂದ, 1821ರಲ್ಲಿ ಮತ್ತೆ ಅಚ್ಚು ಹಾಕಿಸಿದ. 110 ಬಣ್ಣಗಳಲ್ಲಿ ಎಂಟು ಬಿಳಿ, ಎಂಟು ಬೂದು. ಪ್ರತಿ ಬಣ್ಣಕ್ಕೂ ಪ್ರಾಣಿ, ಸಸ್ಯ, ಖನಿಜಗಳಿಂದ ಉದಾಹರಣೆ. ಹಿಮದ ಬಿಳಿಗೆ ಕಡಲಹಕ್ಕಿಯ ಎದೆ. ಹಳದಿ ಬಿಳಿಗೆ ಬೆಳ್ಳಕ್ಕಿ. ಕೆನೆ ತೆಗೆದ ಹಾಲಿನ ಬಿಳಿ ಎಂಬುದೊಂದಿದೆ, ಅದಕ್ಕೆ ಉದಾಹರಣೆ ಮನುಷ್ಯನ ಕಣ್ಣಿನ ಬಿಳಿ. ಬೀಗಲ್ ಹಡಗಿನಲ್ಲಿ ಹೋದ ಚಾರ್ಲ್ಸ್ ಡಾರ್ವಿನ್ ಈ ಪುಸ್ತಕವನ್ನು ಜೊತೆಗೆ ಒಯ್ದಿದ್ದ. ಕಡಲಿನ ಬಣ್ಣವನ್ನು ಊರಿನಲ್ಲಿರುವವರಿಗೆ ತಿಳಿಸಲು ಇಬ್ಬರ ಕೈಯಲ್ಲೂ ಒಂದೇ ಪುಸ್ತಕವಿರಬೇಕಿತ್ತು.

ಹೆಸರುಗಳು ಸುಲಭವಾಗಿ ಭಾಷೆ ದಾಟುವುದಿಲ್ಲ. ಆಫ್‌ವೈಟ್ ಎಂಬುದಕ್ಕೆ ಕನ್ನಡದಲ್ಲಿ ನಸುಬಿಳಿ ಎನ್ನಬಹುದು, ಮಾಸಲು ಬಿಳಿ ಎನ್ನಬಹುದು. ಎರಡನೆಯದು ಕಣ್ಣಿಗೆ ಹೆಚ್ಚು ನಿಜವಾದ ಮಾತು, ಆದರೆ ಆ ಹೆಸರಿನ ಬಣ್ಣವನ್ನು ಹೊಸ ಮನೆಗೆ ಯಾರೂ ಕೊಳ್ಳುವುದಿಲ್ಲ. ಬೂದು ಎಂಬ ಮಾತಿನಲ್ಲಿ ಬೂದಿಯಿದೆ, ಬೂದಿಯಲ್ಲಿ ಸಂಸ್ಕೃತದ ಭೂತಿಯಿದೆ. ಒಲೆಯ ಬೂದಿಯನ್ನು ಗೋಡೆಗೆ ಬಳಿದಂತೆ ಒಬ್ಬರಿಗೆ ಅನ್ನಿಸಿದರೆ ಹಣೆಯ ವಿಭೂತಿ ಇನ್ನೊಬ್ಬರಿಗೆ ನೆನಪಾಗಬಹುದು. ಕಾರ್ಡಿನ ಮೇಲಿನ ಹೆಸರುಗಳು ಹತ್ತಿಯದೋ ಮುತ್ತಿನದೋ ದಂತದದೋ ಆಗಿರುವುದು ಈ ಕಾರಣಕ್ಕೇ. ಹೆಸರು ಆ ಕೆಲವು ಹನಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಸರನ್ನು ನಂಬದವರು ಸಂಖ್ಯೆಗೆ ಹೋದರು. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣವನ್ನು ಮೂರು ಅಳತೆಗಳಲ್ಲಿ ಬರೆಯುವ ಪದ್ಧತಿ ಕೊಟ್ಟ. ಮಣ್ಣಿನ ಬಣ್ಣ ಬರೆದುಕೊಳ್ಳಲು ಉತ್ಖನನಗಳಲ್ಲಿ ಇಂದಿಗೂ ಅವನ ಪಟ್ಟಿ ಬಳಕೆಯಲ್ಲಿದೆ. ಭಾರತೀಯ ಮಾನಕ ಐಎಸ್ 5ರಲ್ಲಿ ಬಣ್ಣಗಳಿಗೆ ಸಂಖ್ಯೆಗಳಿವೆ. ವಿದ್ಯುತ್ ಪ್ಯಾನೆಲ್ಲುಗಳ ಟೆಂಡರಿನಲ್ಲಿ 631 ಎಂದು ಬರೆದರೆ ತಿಳಿ ಬೂದು, 632 ಎಂದರೆ ಗಾಢ ಬೂದು. ಕೊಳ್ಳುವವನು ದೆಹಲಿಯಲ್ಲಿ, ಮಾಡುವವನು ಕೊಯಮತ್ತೂರಿನಲ್ಲಿ ಇದ್ದರೂ ತಪ್ಪಾಗುವುದಿಲ್ಲ.

ಸಂಖ್ಯೆ ಬೇಕಾಗುವುದು ಹೀಗೆ ದೂರದಲ್ಲಿರುವವರಿಗೆ. ಕೋಣೆಯ ಒಳಗಿರುವವರ ಕಷ್ಟ ಬೇರೆ. 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥನಾದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಒಂದು ದೂರು ಬಂತು: ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆಗಳ ಪಕ್ಕ ನೇಯ್ದಾಗ ಅದೇ ಕಪ್ಪು ಪೇಲವವಾಗಿ ಕಾಣುತ್ತಿತ್ತು. ಬಣ್ಣ ನೆರೆಯವರಿಂದ ಬದಲಾಗುತ್ತದೆ ಎಂಬುದನ್ನು ಆತ 1839ರಲ್ಲಿ ದೊಡ್ಡ ಗ್ರಂಥವಾಗಿ ಬರೆದ. ನೂರು ವರ್ಷದ ಮೇಲೆ, 1942ರಲ್ಲಿ, ಕೊಡಾಕ್ ಕಂಪನಿಯ ಸಂಶೋಧಕ ಡೇವಿಡ್ ಮೆಕ್ಯಾಡಂ ಒಬ್ಬನೇ ವ್ಯಕ್ತಿಯಿಂದ ಸುಮಾರು 25,000 ಸಲ ಬಣ್ಣ ಹೊಂದಿಸುವ ಪರೀಕ್ಷೆ ಮಾಡಿಸಿದ. ಅದೇ ಬಣ್ಣಕ್ಕೆ ಅದೇ ಕಣ್ಣು ಪ್ರತಿ ಸಲ ಒಂಚೂರು ಬೇರೆ ಜಾಗದಲ್ಲಿ ನಿಂತಿತು. ಅತ್ತೆ ಒಂದೇ ಎಂದದ್ದೂ ಸೊಸೆ ಬೇರೆ ಎಂದದ್ದೂ ಇಬ್ಬರ ಕಣ್ಣಿಗೂ ನಿಜವೇ.

ಕಾರ್ಡು ಮೋಸ ಮಾಡುವುದಕ್ಕೆ ಇನ್ನೂ ಕಾರಣಗಳಿವೆ. ಕೋಣೆಯಲ್ಲಿ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುತ್ತದೆ, ಪುಟಿದ ಪ್ರತಿ ಸಲವೂ ಗೋಡೆಯ ಛಾಯೆಯನ್ನು ಇಷ್ಟಿಷ್ಟು ಹೊತ್ತುಕೊಳ್ಳುತ್ತದೆ. ಚೌಕದಲ್ಲಿ ಕಾಣದ ಹಳದಿ ನಾಲ್ಕು ಗೋಡೆಗೆ ಬಳಿದಾಗ ಎದ್ದು ಕಾಣುವುದು ಹೀಗೆ. ಉತ್ತರದ ಕಿಟಕಿಯ ಬೆಳಕು ನೀಲಿಯ ಕಡೆಗೆ, ಪಶ್ಚಿಮದ ಸಂಜೆ ಬಿಸಿಲು ಕೆಂಪಿನ ಕಡೆಗೆ. 6500 ಕೆಲ್ವಿನ್ನಿನ ಟ್ಯೂಬ್‌ಲೈಟ್ ಕೆಳಗೆ ಬೂದುಬಿಳಿ ಆಸ್ಪತ್ರೆಯಂತೆ ಕಾಣುತ್ತದೆ. 2700 ಕೆಲ್ವಿನ್ನಿನ ಬಲ್ಬಿನ ಕೆಳಗೆ ಕೆನೆಬಿಳಿ ಬೆಣ್ಣೆಯಂತಾಗುತ್ತದೆ. ಕೋಟಾ ಕಲ್ಲಿನ ಹಸಿರುಬೂದು ನೆಲ, ಎದುರು ಕಟ್ಟಡದ ಕೆಂಪು ಗೋಡೆ ಎಲ್ಲವೂ ಒಳಗೆ ಬಂದು ಸೇರುತ್ತವೆ. ಆದ್ದರಿಂದ ಅನುಭವಿ ಪೇಂಟರುಗಳು ಕಾರ್ಡನ್ನು ಬದಿಗಿಟ್ಟು, ಎರಡು ಬಿಳಿಗಳ ಚಿಕ್ಕ ಡಬ್ಬಿ ತರಿಸಿ, ಎರಡು ದೊಡ್ಡ ಹಲಗೆಗೆ ಎರಡೆರಡು ಕೈ ಬಳಿದು ಒಣಗಿಸುತ್ತಾರೆ. ಆ ಹಲಗೆಗಳನ್ನು ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿದ ಮೇಲೆ ಬೇರೆಬೇರೆ ಗೋಡೆಗೆ ಒರಗಿಸಿ ನೋಡಿದರೆ ಎರಡು ವಾರದ ಚರ್ಚೆ ಒಂದೇ ದಿನಕ್ಕೆ ಮುಗಿಯುತ್ತದೆ. ಬೆಳ್ ಎಂಬ ಹಳೆಯ ಮೂಲ ಹೇಳುವುದೂ ಇದನ್ನೇ: ಮೊದಲು ಬೆಳಕು, ಆಮೇಲೆ ಬಿಳಿ.

ಕೆರೆಯುವ ಬೆಳಗ್ಗೆ

ವಿಷದ ಬಿಳಿಯ ಕಥೆ ಭಾರತದಲ್ಲಿ ತಡವಾಗಿ ಮುಗಿಯಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಕೋಲ್ಕತ್ತಾಗಳಲ್ಲಿ ರಕ್ತದಲ್ಲಿನ ಸೀಸದ ಪರೀಕ್ಷೆ ನಡೆಸಿತು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಆಗಿನ ಮಿತಿಯಾಗಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತು. ಅದರಲ್ಲಿ ಪೆಟ್ರೋಲಿನ ಪಾಲು ದೊಡ್ಡದು. 2000ದಲ್ಲಿ ಸೀಸದ ಪೆಟ್ರೋಲ್ ಹೋಯಿತು. ಬಣ್ಣದಲ್ಲಿ ಸೀಸ ಉಳಿಯಿತು. ಗೋಡೆಯ ಬಿಳಿಗಿಂತ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಅದು ಹೆಚ್ಚು. 2016ರಲ್ಲಿ ಕೇಂದ್ರ ಸರ್ಕಾರ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂದು ನಿಯಮ ಮಾಡಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು.

ಅಂದರೆ ಅದಕ್ಕೆ ಮೊದಲು ಬಳಿದ ಕಿಟಕಿ, ಗ್ರಿಲ್ಲು, ಬಾಗಿಲ ಚೌಕಟ್ಟುಗಳ ಎನಾಮೆಲ್ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮುಂಬೈ, ಪುಣೆಗಳ ಎಷ್ಟೋ ಹಳೆಯ ಸೊಸೈಟಿ ಫ್ಲ್ಯಾಟುಗಳಲ್ಲಿ ಒಂದರ ಮೇಲೊಂದು ನಾಲ್ಕೈದು ಪದರ ಕೂತಿರುತ್ತವೆ. ಹೊಸ ಬಣ್ಣಕ್ಕೆ ಮೊದಲು ಅದನ್ನು ಕೆರೆಯಲೇಬೇಕು. ಎರಡು ವಾರ ಆರಿಸಿದ ಬಿಳಿ ಕೊನೆಗೂ ತೀರ್ಮಾನವಾಗಿ, ಮನೆಯವರು ಬಟ್ಟೆ ಪಾತ್ರೆಗೆಲ್ಲ ಹಳೆಯ ಸೀರೆ ಮುಚ್ಚಿ ಬೀಗ ಪೇಂಟರನ ಕೈಗಿಟ್ಟು ಹೊರಟ ಬೆಳಗ್ಗೆ, ಬೇರೆ ರಾಜ್ಯದಿಂದ ದುಡಿಯಲು ಬಂದ ಇಬ್ಬರು ಹುಡುಗರು ಒಣ ಸ್ಯಾಂಡ್‌ಪೇಪರ್ ಹಿಡಿದು ಆ ಪದರಗಳನ್ನು ಉಜ್ಜಲು ಕೂರುತ್ತಾರೆ. ಮೂಗಿಗೆ ಕಟ್ಟಿಕೊಂಡದ್ದು ಒಂದು ಕರವಸ್ತ್ರ, ಕೆಲವೊಮ್ಮೆ ಅದೂ ಇಲ್ಲ. ಅದೇ ಧೂಳು ನೆಲದ ಸಂದಿಗಳಲ್ಲಿ, ಕಿಟಕಿಯ ಹಳಿಯಲ್ಲಿ ಕೂತು, ತೆವಳುವ ಮಗುವಿನ ಬೆರಳಿಗೂ ಹತ್ತುತ್ತದೆ.

ಇದಕ್ಕೆ ಬೇಕಾದದ್ದು ದೊಡ್ಡ ಖರ್ಚಲ್ಲ. ಹಳೆಯ ಎನಾಮೆಲ್ಲನ್ನು ಒಣಗಿದ್ದಾಗ ಉಜ್ಜದೆ ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ ಉಜ್ಜುವುದು. ಧೂಳು ತಡೆಯುವ ಎನ್95 ಮಾಸ್ಕನ್ನು ಮನೆಯವರೇ ತಂದುಕೊಡುವುದು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಕೆಲಸ ಮುಗಿದ ಮೇಲೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು. ಉಣ್ಣುವ ಮೊದಲು ಕೆಲಸದವರಿಗೆ ಕೈ ತೊಳೆಯಲು ಸೋಪು, ನೀರು. ಮಕ್ಕಳೂ ಬಸುರಿಯರೂ ಆ ಎರಡು ದಿನ ಬೇರೆ ಮನೆಯಲ್ಲಿರುವುದು. ಧೂಳಿನ ಎಚ್ಚರಿಕೆಯನ್ನು ಜಿನೀವಾದಲ್ಲಿ ಬರೆದು ನೂರು ವರ್ಷ ದಾಟಿದೆ.

ಕೆನೆಬಿಳಿ ಗೆದ್ದಿತೋ ಬೂದುಬಿಳಿ ಗೆದ್ದಿತೋ, ಎರಡು ಡಬ್ಬಿಯಲ್ಲೂ ಇರುವುದು ಅದೇ ಟೈಟಾನಿಯಂ. ಗೃಹಪ್ರವೇಶಕ್ಕೋ ಹಬ್ಬಕ್ಕೋ ಬಂದವರು ಬಿಳಿ ಚೆನ್ನಾಗಿದೆ ಎನ್ನುತ್ತಾರೆ, ಯಾವ ಬಿಳಿ ಎಂದು ಕೇಳುವುದಿಲ್ಲ. ಆ ಹೊತ್ತಿಗೆ ಬಳಿದ ಹುಡುಗರು ಇನ್ನೊಂದು ಮನೆಯ ಕಿಟಕಿ ಕೆರೆಯುತ್ತಿರುತ್ತಾರೆ. ಅಲ್ಲಿ ಅವರ ಕೈಗೆ ಮಾಸ್ಕೂ ವಾಟರ್ ಪೇಪರೂ ಸಿಕ್ಕಿದೆಯೇ ಎಂಬುದು ಆ ಮನೆಯವರಿಗೆ ಬಿಟ್ಟದ್ದು.